ಆರು ಗ್ರಾಮಿನ ಪುಡಿಕೆ: ಭತ್ತದ ದುಂಡಾಣು ರೋಗಕ್ಕೆ ಜೋಡಿ ಮದ್ದು, ಎಚ್ಚರವಿರಲಿ



ನಾಟಿ ಮುಗಿದು ಭತ್ತದ ಪೈರು ತೆಂಡೆ ಒಡೆಯುವ ಹೊತ್ತು. ಎರಡು ದಿನ ಗಾಳಿ ಸಮೇತ ಮಳೆ ಹೊಡೆದು ಮೂರನೆಯ ದಿನ ಬಿಸಿಲು ಬಿದ್ದಿದೆ. ಬದುವಿನ ಮೇಲೆ ನಿಂತು ನೋಡಿದರೆ ಗದ್ದೆಯ ಒಂದು ಮೂಲೆಯಲ್ಲಿ ಎಲೆಗಳ ತುದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ. ವಾರ ಕಳೆಯುವುದರೊಳಗೆ ಆ ಬಣ್ಣ ಮಡಿಯಿಂದ ಮಡಿಗೆ ದಾಟುತ್ತದೆ. ತುಂಗಭದ್ರಾ ಕಾಲುವೆಯ ಕೆಳಗಿನ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ರೈತರಿಗೆ ಈ ನೋಟ ಹೊಸದಲ್ಲ. ಅಂಥ ದಿನ ಗೊಬ್ಬರದ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: "ಆ ಸಣ್ಣ ಪುಡಿಕಿ ನಾಲ್ಕು ಕೊಡ್ರಿ."

ಆ ಸಣ್ಣ ಪುಡಿಕೆಯಲ್ಲಿ ಇರುವುದು ಆರು ಗ್ರಾಂ ಪುಡಿ. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಎಂಬ ಎರಡು ಜೀವಿರೋಧಕಗಳನ್ನು, ಅಂದರೆ ಆಂಟಿಬಯೋಟಿಕ್‌ಗಳನ್ನು, ಕೂಡಿಸಿ ಮಾಡಿದ್ದು. ಪುಣೆಯ ಬಳಿಯ ಪಿಂಪ್ರಿಯಲ್ಲಿರುವ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯ 'ಸ್ಟ್ರೆಪ್ಟೊಸೈಕ್ಲಿನ್' ಎಂಬ ಹೆಸರಿನಿಂದಲೇ ರೈತರಿಗೆ ಇದು ಪರಿಚಿತ. ಬೆಲೆಯಲ್ಲಿ ಅಗ್ಗ, ಗಾತ್ರದಲ್ಲಿ ಚಿಕ್ಕದು. ಹಾಗಾಗಿಯೇ ಅದನ್ನು ಹಗುರವಾಗಿ ಕಾಣುತ್ತೇವೆ. ಇದನ್ನು ಹಗುರವಾಗಿ ಏಕೆ ಕಾಣಬಾರದು, ಯಾವಾಗ ಮುಟ್ಟಬಾರದು, ಮುಟ್ಟಲೇಬೇಕಾದರೆ ಹೇಗೆ ಮುಟ್ಟಬೇಕು ಎಂಬುದನ್ನು ಈ ವಾರ ತಿಳಿಯೋಣ.

ಒಂದು ಚೀಟಿಯ ಕಥೆ

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಒಂದು ಸಂಜೆ ಹಳ್ಳಿಯಿಂದ ಹಿಂದಿರುಗುವಾಗ ರಸ್ತೆಯಲ್ಲಿ ರೈತರೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಹೆಗಲ ಮೇಲಿನ ಟವೆಲ್ಲಿನ ಗಂಟು ಬಿಚ್ಚಿ ಭತ್ತದ ಎಲೆ ತೋರಿಸಿದರು. ಬೆಳಿಗ್ಗೆ ಕಿತ್ತ ಎಲೆ, ಸಂಜೆಯ ಹೊತ್ತಿಗೆ ಸುರುಟಿಕೊಂಡಿತ್ತು. ಊರಲ್ಲೆಲ್ಲ ದುಂಡಾಣು ರೋಗದ ಮಾತೇ ನಡೆದಿದ್ದ ವರ್ಷ ಅದು. ಗಾಡಿಯಿಂದ ಇಳಿಯದೆ, ಗದ್ದೆಗೆ ಹೋಗದೆ, ಚೀಟಿಯ ಮೇಲೆ ಆ ಪುಡಿಯ ಹೆಸರು ಬರೆದುಕೊಟ್ಟೆ.

ಹದಿನೈದು ದಿನದ ಮೇಲೆ ಆ ಗದ್ದೆಗೆ ಹೋದಾಗ ಎಲೆಗಳ ಮೇಲೆ ಕದಿರಿನ ಆಕಾರದ ಮಚ್ಚೆಗಳು, ನಡುವೆ ಬೂದಿ ಬಣ್ಣ. ಹಲವು ತೆನೆಗಳ ಕುತ್ತಿಗೆ ಕಪ್ಪಾಗಿ ಮುರಿದಿತ್ತು. ಅದು ಬೆಂಕಿ ರೋಗ. ಶಿಲೀಂಧ್ರದಿಂದ ಬರುವ ರೋಗ. ದುಂಡಾಣುವಿನ ಮದ್ದನ್ನು ಎಷ್ಟು ಸುರಿದರೂ ಶಿಲೀಂಧ್ರಕ್ಕೆ ಏನೂ ಆಗುವುದಿಲ್ಲ. ಬೆಳೆಯ ದೊಡ್ಡ ಪಾಲು ಜೊಳ್ಳಾಯಿತು. ಆ ರೈತರು ನನ್ನನ್ನು ಬೈಯಲಿಲ್ಲ. "ಸರ್ರ, ನೀವು ಬರಕೊಟ್ಟಂಗ ಮೂರು ಸಲ ಹೊಡದೀನ್ರಿ" ಎಂದಷ್ಟೇ ಅಂದರು. ಆ ದಿನದಿಂದ ಗದ್ದೆ ನೋಡದೆ ನಾನು ಚೀಟಿ ಬರೆದಿಲ್ಲ. ನೀವೂ ಗದ್ದೆ ನೋಡದವರ ಚೀಟಿ ನಂಬಿ ಮದ್ದು ತರಬೇಡಿ.

ಎರಡು ಮದ್ದು ಒಂದೇ ಪುಡಿಕೆಯಲ್ಲಿ ಏಕೆ?

ಸ್ಟ್ರೆಪ್ಟೊಮೈಸಿನ್ ಹುಟ್ಟಿದ್ದು ಮಣ್ಣಿನಲ್ಲಿ. ಅಮೆರಿಕದ ರಟ್ಗರ್ಸ್ ವಿದ್ಯಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಜ್ 1943ರಲ್ಲಿ ಇದನ್ನು ಬೇರ್ಪಡಿಸಿದರು. ಅದುವರೆಗೆ ಮದ್ದೇ ಇಲ್ಲದಿದ್ದ ಕ್ಷಯ ರೋಗಕ್ಕೆ ಇದು ಮೊದಲ ಪರಿಣಾಮಕಾರಿ ಜೀವಿರೋಧಕವಾಯಿತು. 1952ರಲ್ಲಿ ವಾಕ್ಸ್‌ಮನ್ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಮದ್ದನ್ನು 1948ರಲ್ಲಿ ಪ್ರಕಟಿಸಿದವರು ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ. ಅದೂ ಮಣ್ಣಿನ ಜೀವಿಯಿಂದಲೇ ದೊರೆತದ್ದು.

ದುಂಡಾಣು ಬದುಕಿ ಬೆಳೆಯಬೇಕಾದರೆ ತನ್ನೊಳಗೆ ಪ್ರೋಟೀನು ತಯಾರಿಸಿಕೊಳ್ಳಬೇಕು. ಈ ಎರಡು ಮದ್ದುಗಳೂ ಆ ತಯಾರಿಕೆಯನ್ನೇ ಕೆಡಿಸುತ್ತವೆ, ಆದರೆ ಬೇರೆ ಬೇರೆ ರೀತಿಯಲ್ಲಿ. ಒಂದಕ್ಕೆ ಬಗ್ಗದ ದುಂಡಾಣು ಇನ್ನೊಂದಕ್ಕೆ ಸಿಕ್ಕಿಬೀಳಲಿ ಎಂಬುದು ಜೋಡಿ ಮಾಡಿದ್ದರ ಉದ್ದೇಶ. ಸಾಮಾನ್ಯವಾಗಿ ಸಿಗುವ ಪುಡಿಯಲ್ಲಿ 100ಕ್ಕೆ 90 ಪಾಲು ಸ್ಟ್ರೆಪ್ಟೊಮೈಸಿನ್ ಸಲ್ಫೇಟ್, 10 ಪಾಲು ಟೆಟ್ರಾಸೈಕ್ಲಿನ್ ಹೈಡ್ರೋಕ್ಲೋರೈಡ್ ಇರುತ್ತದೆ. 100ಕ್ಕೆ 9 ಪಾಲು ಮತ್ತು 1 ಪಾಲು ಇರುವ ತಯಾರಿಕೆಯೂ ಉಂಟು. ಎರಡರ ಬಲಕ್ಕೂ ಹತ್ತು ಪಟ್ಟು ವ್ಯತ್ಯಾಸ. ಆದ್ದರಿಂದ ಪಕ್ಕದ ಹೊಲದವರು ಎಷ್ಟು ಬೆರೆಸಿದರು ಎಂದು ಕೇಳಿ ಬೆರೆಸುವುದು ಸರಿಯಲ್ಲ. ಪುಡಿಕೆಯ ಮೇಲಿನ ಅಂಕಿಯನ್ನೇ ಓದಬೇಕು.

ಮನೆಯವರ ಮದ್ದೂ ಇದೇ

ಈಗ ಮುಖ್ಯ ಮಾತಿಗೆ ಬರೋಣ. ಕಳೆನಾಶಕವನ್ನು ಯಾವ ವೈದ್ಯರೂ ರೋಗಿಗೆ ಕೊಡುವುದಿಲ್ಲ. ಆದರೆ ಈ ಪುಡಿಯಲ್ಲಿರುವ ಮದ್ದುಗಳು ಆಸ್ಪತ್ರೆಯ ಕಪಾಟಿನಲ್ಲೂ ಇವೆ.

ಕಂದು ಹಾಕುವ ರೋಗ ಬಂದ ಆಕಳ ಹೆರಿಗೆಯಲ್ಲಿ ಬರಿಗೈಯಲ್ಲಿ ಮಾಸು ತೆಗೆದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಬ್ರುಸೆಲ್ಲೋಸಿಸ್ ಎಂಬ ಜ್ವರ ಬರುತ್ತದೆ. ವಾರಗಟ್ಟಲೆ ಬಿಟ್ಟು ಬಿಟ್ಟು ಕಾಡುವ ಜ್ವರ, ಕೀಲು ನೋವು, ಬೆವರು. ಅದಕ್ಕೆ ವೈದ್ಯರು ಕೊಡುವ ಹೆಸರಾಂತ ಜೋಡಿ ಮದ್ದುಗಳಲ್ಲಿ ಒಂದು ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಮತ್ತು ಟೆಟ್ರಾಸೈಕ್ಲಿನ್ ಗುಂಪಿನ ಡಾಕ್ಸಿಸೈಕ್ಲಿನ್ ಮಾತ್ರೆ. ಅಂದರೆ ನಿಮ್ಮ ಪುಡಿಕೆಯಲ್ಲಿರುವ ಅವೇ ಎರಡು ಮನೆತನ. ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಬರುವ ಇಲಿ ಜ್ವರಕ್ಕೂ ಡಾಕ್ಸಿಸೈಕ್ಲಿನ್ ಮುಖ್ಯ ಮದ್ದು. ಸಾಮಾನ್ಯ ಔಷಧಿಗೆ ಬಗ್ಗದ ಕ್ಷಯಕ್ಕೆ ವೈದ್ಯರು ಕೈಯಲ್ಲಿ ಉಳಿಸಿಕೊಂಡಿರುವ ಮದ್ದುಗಳ ಪಟ್ಟಿಯಲ್ಲಿ ಸ್ಟ್ರೆಪ್ಟೊಮೈಸಿನ್ ಸಹ ಇದೆ.

ಮದ್ದಿನ ಬಲ ಹೇಗೆ ಕೆಡುತ್ತದೆ ಎಂಬುದು ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಬೀಜದ ಆಯ್ಕೆ ನಮಗೆ ಗೊತ್ತಿದ್ದದ್ದೇ. ಗದ್ದೆಯಲ್ಲಿರುವ ಕೋಟ್ಯಂತರ ದುಂಡಾಣುಗಳಲ್ಲಿ ಮದ್ದಿಗೆ ಬಗ್ಗದ ಒಂದೆರಡು ಇದ್ದೇ ಇರುತ್ತವೆ. ಪ್ರತಿ ಸಲ ಮದ್ದು ಹೊಡೆದಾಗ ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಮುಂದಿನ ಪೀಳಿಗೆಗೆ ಬಿತ್ತನೆ ಬೀಜವಾಗುತ್ತವೆ. ನಮಗರಿವಿಲ್ಲದೆ ನಾವೇ ಗಟ್ಟಿ ತಳಿ ಆಯ್ಕೆ ಮಾಡಿದಂತಾಗುತ್ತದೆ. ಅಷ್ಟೇ ಅಲ್ಲ, ಒಂದು ದುಂಡಾಣು ತನ್ನ ಈ ಗುಣವನ್ನು ಬೇರೆ ಜಾತಿಯ ದುಂಡಾಣುವಿಗೂ ದಾಟಿಸಬಲ್ಲದು. ಮದ್ದು ಬಿದ್ದ ಮಣ್ಣು, ಕಾಲುವೆ ನೀರು, ದನ, ಮನುಷ್ಯ ಎಲ್ಲವೂ ಒಂದೇ ಸರಪಳಿ.

ಇದು ಬರಿಯ ಹೆದರಿಕೆಯ ಮಾತಲ್ಲ. ಅಮೆರಿಕದಲ್ಲಿ ಸೇಬು ಮತ್ತು ಪಿಯರ್ ಹಣ್ಣಿನ ತೋಟಗಳ ದುಂಡಾಣು ರೋಗಕ್ಕೆ 1950ರ ದಶಕದಿಂದ ಸ್ಟ್ರೆಪ್ಟೊಮೈಸಿನ್ ಹೊಡೆಯುತ್ತಾ ಬಂದರು. 1971ರ ಹೊತ್ತಿಗೆ ಕ್ಯಾಲಿಫೋರ್ನಿಯದ ತೋಟಗಳಲ್ಲಿ ಅದಕ್ಕೆ ಬಗ್ಗದ ದುಂಡಾಣು ಕಾಣಿಸಿಕೊಂಡಿತು. ಆಮೇಲೆ ಬೇರೆ ರಾಜ್ಯಗಳಲ್ಲೂ ಹಾಗೆಯೇ ಆಯಿತು.

ಮೊದಲು ರೋಗ ಗುರುತಿಸಿ

ಭತ್ತದ ದುಂಡಾಣು ಎಲೆ ಅಂಗಮಾರಿ ರೋಗ ಹೀಗಿರುತ್ತದೆ. ಎಲೆಯ ತುದಿಯಿಂದ ಅಂಚಿನಗುಂಟ ಅಲೆಅಲೆಯಾಗಿ ಹಳದಿ ಪಟ್ಟೆ ಕೆಳಗಿಳಿಯುತ್ತದೆ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಇಬ್ಬನಿ ಆರುವ ಮುನ್ನ ನೋಡಿದರೆ ಎಲೆಯ ಮೇಲೆ ಹಾಲು ಬಣ್ಣದ ಸಣ್ಣ ಹನಿಗಳಿರುತ್ತವೆ. ಬಿಸಿಲೇರಿದಂತೆ ಅವು ಒಣಗಿ ಹಳದಿ ಕಾಳುಗಳಾಗುತ್ತವೆ. ನಾಟಿಯಾದ ಕೆಲವು ವಾರಗಳಲ್ಲೇ ಬಂದರೆ ಇಡೀ ಸಸಿ ಬಾಡಿ ಬೀಳುವುದೂ ಉಂಟು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಹಸಿರೂ ಹಳದಿಯೂ ಕೂಡುವ ಜಾಗದಲ್ಲಿ ಎಲೆಯ ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ಕತ್ತರಿಸಿದ ತುದಿ ಕೆಳಮುಖವಾಗಿರುವಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಕಡೆಯಿಂದ ಮೋಡದಂಥ ಬಿಳಿ ಎಳೆ ಇಳಿದು ನೀರು ಮಸುಕಾದರೆ ಅದು ದುಂಡಾಣು. ನೀರು ತಿಳಿಯಾಗಿಯೇ ಉಳಿದರೆ ಕಾರಣ ಬೇರೆ ಇರಬೇಕು.

ಬೇರೆ ಕಾರಣಗಳು ಯಾವುವು? ಕದಿರಿನಾಕಾರದ ಮಚ್ಚೆಗಳಾದರೆ ಬೆಂಕಿ ರೋಗ. ಸುಳಿ ಮಾತ್ರ ಒಣಗಿ, ಎಳೆದೊಡನೆ ಕಿತ್ತು ಬಂದರೆ ಕಾಂಡ ಕೊರೆಯುವ ಹುಳು. ಗದ್ದೆಯ ನಡುವೆ ದುಂಡಗೆ ಸುಟ್ಟಂತೆ ಒಣಗಿ, ಬುಡದಲ್ಲಿ ಹುಳುಗಳಿದ್ದರೆ ಕಂದು ಜಿಗಿಹುಳು. ಕೆಳಗಿನ ಹಳೆಯ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಾದರೆ ಸತುವಿನ ಕೊರತೆ. ಇವುಗಳಲ್ಲಿ ಒಂದಕ್ಕೂ ಆರು ಗ್ರಾಮಿನ ಪುಡಿಕೆ ಮದ್ದಲ್ಲ. "ಯಾತಕ್ಕೂ ಇರಲಿ" ಎಂದು ಪ್ರತಿ ಸಿಂಪರಣೆಗೂ ಒಂದು ಪುಡಿಕೆ ಹಾಕುವ ರೂಢಿ ದುಡ್ಡಿಗೂ ದಂಡ, ಮದ್ದಿಗೂ ಕೇಡು.

ಪುಡಿಕೆಗೆ ಮುಂಚೆ ಮಾಡಬೇಕಾದದ್ದು

ಒಣಗಿದ ಎಲೆಯನ್ನು ಯಾವ ಮದ್ದೂ ಮತ್ತೆ ಹಸಿರು ಮಾಡುವುದಿಲ್ಲ. ರೋಗ ಬಾರದಂತೆ, ಬಂದರೂ ಹರಡದಂತೆ ಮಾಡುವುದೇ ಜಾಣತನ. ಅದರಲ್ಲಿ ಹೆಚ್ಚಿನದು ನಿಮ್ಮ ಕೈಯಲ್ಲೇ ಇದೆ.

ತಳಿ: ಈ ಭಾಗದಲ್ಲಿ ಹೆಚ್ಚು ಬೆಳೆಯುವ ಬಿ.ಪಿ.ಟಿ. 5204 ಸಣ್ಣಕ್ಕಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಆದರೆ ಈ ರೋಗಕ್ಕೆ ಅದು ಬೇಗ ತುತ್ತಾಗುತ್ತದೆ. ಅದೇ ತಳಿಗೆ ರೋಗ ತಡೆಯುವ ಮೂರು ಅನುವಂಶಿಕ ಗುಣಗಳನ್ನು ಸಂಕರಣದಿಂದ ಸೇರಿಸಿ, ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಸಿ.ಸಿ.ಎಂ.ಬಿ. ವಿಜ್ಞಾನಿಗಳು 'ಸುಧಾರಿತ ಸಂಬಾ ಮಸೂರಿ' ತಳಿಯನ್ನು ರೂಪಿಸಿದರು. 2008ರಲ್ಲಿ ಅದು ಬಿಡುಗಡೆಯಾಯಿತು. ಪ್ರತಿ ವರ್ಷ ರೋಗ ಬರುವ ಗದ್ದೆಯವರು ಅರ್ಧ ಎಕರೆಯಲ್ಲಾದರೂ ಇದನ್ನು ಹಾಕಿ ನೋಡಬಹುದು.

ಬೀಜ ಮತ್ತು ಸಸಿ: ರೋಗ ಬಂದ ಗದ್ದೆಯ ಭತ್ತವನ್ನು ಬಿತ್ತನೆಗೆ ಇಡಬೇಡಿ. ಕಾಲುವೆ ನೀರು ತಡವಾದ ವರ್ಷ ಸಸಿ ಉದ್ದ ಬೆಳೆದು, ತುದಿ ಕತ್ತರಿಸಿ ನಾಟಿ ಮಾಡುವ ಪದ್ಧತಿ ಇದೆ. ಕತ್ತರಿಸಿದ ಪ್ರತಿ ತುದಿಯೂ ದುಂಡಾಣುವಿಗೆ ತೆರೆದ ಬಾಗಿಲು. ರೋಗದ ಭಯವಿರುವ ಕಡೆ ತುದಿ ಕತ್ತರಿಸಬೇಡಿ.

ಗೊಬ್ಬರ: ಹೆಚ್ಚು ಯೂರಿಯಾ ಉಂಡ ಪೈರು ಕಡು ಹಸಿರಾಗಿ, ಮೆತ್ತಗಾಗಿ ರೋಗವನ್ನು ಕರೆಯುತ್ತದೆ. ಸಾರಜನಕವನ್ನು ಮೂರು ನಾಲ್ಕು ಕಂತಾಗಿ ಕೊಡಿ. ರೋಗ ಕಂಡ ಮೇಲೆ ಯೂರಿಯಾ ಮೇಲುಗೊಬ್ಬರವನ್ನು ತಡೆಹಿಡಿಯಿರಿ. ಮಣ್ಣು ಪರೀಕ್ಷೆಯಂತೆ ಪೊಟ್ಯಾಷ್ ತಪ್ಪಿಸಬೇಡಿ.

ನೀರು: ರೋಗದ ಮಡಿಯ ನೀರು ಕೆಳಗಿನ ಮಡಿಗೆ ಹರಿಯದಂತೆ ನೋಡಿಕೊಳ್ಳಿ. ಸಾಧ್ಯವಾದರೆ ನಿಂತ ನೀರನ್ನು ಬಸಿದು ನಾಲ್ಕಾರು ದಿನ ಗದ್ದೆ ಆರಲು ಬಿಡಿ. ಎಲೆ ಒದ್ದೆ ಇರುವಾಗ ರೋಗದ ಮಡಿಯಲ್ಲಿ ಓಡಾಡಿ, ಅದೇ ಮೈಯಲ್ಲಿ ಒಳ್ಳೆಯ ಮಡಿಗೆ ಇಳಿಯಬೇಡಿ. ಕೊಯ್ಲಿನ ನಂತರ ಕೂಳೆ ಚಿಗುರು, ಬದುವಿನ ಕಳೆ ನಾಶಮಾಡಿ.

ಸಗಣಿ ನೀರು: ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹಸಿ ಸಗಣಿಯ ತಿಳಿಯನ್ನು ಈ ರೋಗಕ್ಕೆ ಶಿಫಾರಸು ಮಾಡಿದೆ. ಲೀಟರ್ ನೀರಿಗೆ 20 ಗ್ರಾಂ ಹಸಿ ಸಗಣಿ ಕದಡಿ, ತಂಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ರೋಗದ ಮೊದಲ ಸುಳಿವು ಕಂಡಾಗ ಒಮ್ಮೆ, ಹದಿನೈದು ದಿನದ ನಂತರ ಇನ್ನೊಮ್ಮೆ ಸಿಂಪಡಿಸಬಹುದು. ಖರ್ಚಿಲ್ಲದ ಕೆಲಸ, ಮನೆಯವರ ಮದ್ದಿಗೂ ಧಕ್ಕೆಯಿಲ್ಲ.

ಕಾಯಿದೆಯ ಮಾತು

ಈ ಜೋಡಿ ಮದ್ದಿಗೆ ಎಲ್ಲ ಬೆಳೆಗಳಲ್ಲೂ ಅನುಮತಿ ಇತ್ತೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ನೋಂದಣಿ ಇದ್ದದ್ದು ಎಂಟು ಬೆಳೆಗಳಿಗೆ ಮಾತ್ರ: ಭತ್ತ, ನಿಂಬೆ ಜಾತಿ, ಟೊಮ್ಯಾಟೊ, ಆಲೂಗಡ್ಡೆ, ಬೀನ್ಸ್, ತಂಬಾಕು, ಸೇಬು ಮತ್ತು ಚಹಾ. ದಾಳಿಂಬೆಗೆ ಎಷ್ಟೋ ಕಡೆ ಎಗ್ಗಿಲ್ಲದೆ ಹೊಡೆದದ್ದನ್ನು ನೋಡಿದ್ದೇವೆ, ಆದರೆ ದಾಳಿಂಬೆ ಆ ಪಟ್ಟಿಯಲ್ಲಿ ಇರಲಿಲ್ಲ.

ಮನುಷ್ಯರ ಮದ್ದನ್ನು ಉಳಿಸಿಕೊಳ್ಳುವ ಸಲುವಾಗಿ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಒಂದು ಕರಡು ಆದೇಶ ಹೊರಡಿಸಿತು. ಬೆಳೆಗಳಲ್ಲಿ ಈ ಜೋಡಿಯ ಬಳಕೆ 2024ರ ಜನವರಿ 1ರಿಂದ ಪೂರ್ತಿ ನಿಲ್ಲಬೇಕೆಂದು ಆ ಕರಡಿನಲ್ಲಿ ಇತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಈ ಹಂಗಾಮಿನಲ್ಲಿ, ನಿಮ್ಮ ಬೆಳೆಗೆ, ಈ ಪುಡಿಗೆ ಅನುಮತಿ ಇದೆಯೇ ಎಂದು ಕೇಳಿ. ಇಲ್ಲ ಎಂದರೆ, ಅಂಗಡಿಯವರು "ಹಳೇ ಸ್ಟಾಕ್ ಐತಿ" ಎಂದರೂ ತರಬೇಡಿ.

ಅನುಮತಿ ಇದ್ದು, ಸಿಂಪಡಿಸಲೇಬೇಕಾದರೆ

ರೋಗ ದುಂಡಾಣುವಿನದೇ ಎಂದು ಖಚಿತವಾಗಿ, ಮೇಲಿನ ಕ್ರಮಗಳನ್ನೂ ಕೈಗೊಂಡು, ರೋಗ ಇನ್ನೂ ಮೊದಲ ಹಂತದಲ್ಲಿರುವಾಗ ಮಾತ್ರ ಈ ಮಾತು.

1. ಪ್ರಮಾಣ ಲೇಬಲ್ಲಿನಲ್ಲಿ ಹೇಳಿದಷ್ಟೇ. ಹೆಚ್ಚು ಹಾಕಿದರೆ ಹೆಚ್ಚು ಗುಣವಿಲ್ಲ. ಕಡಿಮೆ ಹಾಕಿದರೆ ದುಂಡಾಣು ಸಾಯುವುದಿಲ್ಲ, ಮದ್ದಿನ ರುಚಿ ನೋಡಿ ಗಟ್ಟಿಯಾಗುತ್ತದೆ.

2. ಲೆಕ್ಕ ಹೀಗೆ: ಲೇಬಲ್ಲಿನಲ್ಲಿ 100 ಪಿ.ಪಿ.ಎಂ. ಎಂದಿದ್ದರೆ, ಆರು ಗ್ರಾಮಿನ ಒಂದು ಪುಡಿಕೆಗೆ 60 ಲೀಟರ್ ನೀರು. 15 ಲೀಟರಿನ ಪಂಪಾದರೆ ನಾಲ್ಕು ಪಂಪು. ಒಂದೂವರೆ ಗ್ರಾಂ ಪುಡಿಯನ್ನು ಚಿಟಿಕೆಯಲ್ಲಿ ಅಳೆಯಲಾಗದು. ಪುಡಿಕೆಯನ್ನೆಲ್ಲ ಒಂದು ಲೀಟರ್ ನೀರಿನಲ್ಲಿ ಕರಗಿಸಿಕೊಂಡು, ಪ್ರತಿ ಪಂಪಿಗೆ ಕಾಲು ಲೀಟರ್ ಹಾಕಿ ಉಳಿದದ್ದಕ್ಕೆ ನೀರು ತುಂಬಿ. ಅಳತೆ ತಪ್ಪುವುದಿಲ್ಲ.

3. ಕರಗಿಸಿದ ದ್ರಾವಣವನ್ನು ಅಂದೇ ಮುಗಿಸಿ. ಟೆಟ್ರಾಸೈಕ್ಲಿನ್ ಬೆಳಕಿಗೆ ಬಲ ಕಳೆದುಕೊಳ್ಳುತ್ತದೆ. ಆದುದರಿಂದ ಸಿಂಪರಣೆ ಸಂಜೆಯ ಹೊತ್ತಿಗೆ ಒಳ್ಳೆಯದು. ಮಳೆಯ ಮೋಡ ಕಂಡ ದಿನ ಬೇಡ.

4. ಸುಣ್ಣ ಬೆರೆತ ಬೋರ್ಡೋ ದ್ರಾವಣದೊಡನೆ ಬೆರೆಸಬಾರದು. ತಾಮ್ರದ ಆಕ್ಸಿಕ್ಲೋರೈಡ್ ಜೊತೆ ಶಿಫಾರಸು ಇದ್ದರೆ, ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಕರಗಿಸಿಕೊಂಡು ಆಮೇಲೆ ಕೂಡಿಸಿ. ಹುಳುವಿನ ಔಷಧಿ, ಟಾನಿಕ್ಕು ಎಂದು ಐದಾರು ಬಗೆ ಒಂದೇ ಪಂಪಿಗೆ ಸುರಿಯಬೇಡಿ.

5. ಲೇಬಲ್ ಹೇಳಿದ ಸಲಕ್ಕಿಂತ ಹೆಚ್ಚು ಸಲ ಹೊಡೆಯಬೇಡಿ. ಹೊಸ ಎಲೆ ಹಸಿರಾಗಿ ಬರುತ್ತಿದೆಯೇ ನೋಡಿ, ಒಣಗಿದ ಎಲೆ ನೋಡಿ ಗಾಬರಿಯಾಗಬೇಡಿ. ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳ ಲೆಕ್ಕ ತಪ್ಪಿಸಬೇಡಿ.

6. ಔಷಧಿ ಅಂಗಡಿಯ ಕ್ಯಾಪ್ಸೂಲು ಬಿಚ್ಚಿ, ದನದ ಚುಚ್ಚುಮದ್ದಿನ ಪುಡಿ ಬೆರೆಸಿ ಪೈರಿಗೆ ಹೊಡೆಯುವುದು ಎಂದಿಗೂ ಕೂಡದು. ಹಾಗೆಯೇ ಈ ಪುಡಿಯನ್ನು ದನದ ಗಾಯಕ್ಕೆ, ಮನುಷ್ಯರ ಹುಣ್ಣಿಗೆ ಹಚ್ಚಬಾರದು.

ಮೈ ಕೈ ಜೋಪಾನ

ಸ್ಟ್ರೆಪ್ಟೊಮೈಸಿನ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಮೊದಮೊದಲು ಏನೂ ಆಗದೆ, ಮತ್ತೆ ಮತ್ತೆ ಮುಟ್ಟಿದ ಮೇಲೆ ತುರಿಕೆ, ಗಂದೆ ಏಳುತ್ತವೆ. ಬರಿಗೈಯಿಂದ ಕಲಕಬೇಡಿ, ರಬ್ಬರ್ ಕೈಗವಸು ಹಾಕಿ, ಕೋಲಿನಿಂದ ಕಲಕಿ. ಮೂಗು ಬಾಯಿಗೆ ಬಟ್ಟೆ, ತುಂಬುತೋಳಿನ ಅಂಗಿ ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಮಕ್ಕಳು ಈ ಕೆಲಸದಿಂದ ದೂರವಿರಬೇಕು. ಈ ಎರಡು ಮದ್ದುಗಳಲ್ಲಿ ಒಂದು ಹೊಟ್ಟೆಯಲ್ಲಿರುವ ಮಗುವಿನ ಕಿವಿಗೆ, ಇನ್ನೊಂದು ಹಲ್ಲಿಗೆ ಕೇಡು ಮಾಡುವುದೆಂದು ವೈದ್ಯರು ಬಸುರಿಯರಿಗೆ ಕೊಡಲು ಹಿಂಜರಿಯುತ್ತಾರೆ.

ಪಂಪನ್ನು ಕಾಲುವೆಯಲ್ಲಿ, ದನ ನೀರು ಕುಡಿಯುವ ಹೊಂಡದಲ್ಲಿ ತೊಳೆಯಬೇಡಿ. ತೊಳೆದ ನೀರನ್ನು ಅದೇ ಗದ್ದೆಗೆ ಚೆಲ್ಲಿ. ಸಿಂಪಡಿಸಿದ ಗದ್ದೆಯ ಬದುವಿನ ಹುಲ್ಲನ್ನು ಕೂಡಲೇ ಕೊಯ್ದು ದನಕ್ಕೆ ಹಾಕಬೇಡಿ. ಉಳಿದ ಪುಡಿಕೆಯನ್ನು ಅಡಿಗೆ ಮನೆಯ ಗೂಡಿನಲ್ಲಿ ಇಡದೆ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ. ಮೈಗೆ ಗಂದೆ ಎದ್ದರೆ, ಉಸಿರು ಕಟ್ಟಿದಂತಾದರೆ ಪುಡಿಕೆಯ ಲೇಬಲ್ ಸಮೇತ ವೈದ್ಯರಲ್ಲಿಗೆ ಹೋಗಿ.

ಕೊನೆಯದಾಗಿ ಒಂದು ಮಾತು. ಒಂದು ಹಂಗಾಮು ಬೆಳೆ ಕೆಟ್ಟರೆ ಮುಂದಿನ ಹಂಗಾಮಿದೆ. ಒಂದು ತಳಿ ಕೆಟ್ಟರೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇನ್ನೊಂದನ್ನು ಕೇಳಬಹುದು. ಬಲಗೆಟ್ಟ ಜೀವಿರೋಧಕಕ್ಕೆ ಬದಲಿ ಮದ್ದು ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ. ಮುಂದಿನ ಸಲ ಎಲೆ ಒಣಗಿದಾಗ ಪುಡಿಕೆ ಕೇಳುವ ಮುನ್ನ ಒಂದು ಲೋಟ ತಿಳಿ ನೀರು ತೆಗೆದುಕೊಂಡು ಗದ್ದೆಗೆ ಹೋಗಿ. ಅನುಮಾನ ಉಳಿದರೆ ಬೇರು ಸಮೇತ ಕಿತ್ತ ಹಸಿ ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಳಗಿನ ಹೊತ್ತಿನಲ್ಲೇ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ಬಂದ ಅಧಿಕಾರಿ ರಸ್ತೆಯಲ್ಲೇ ನಿಂತು ಚೀಟಿ ಬರೆಯಲು ಹೊರಟರೆ, "ಮೊದಲು ಗದ್ದೆಗೆ ಬರ್ರಿ" ಎಂದು ಕರೆಯಲು ಹಿಂಜರಿಯಬೇಡಿ. ಅದು ನಿಮ್ಮ ಹಕ್ಕು.